ಬಚ್ಚಲ ಗೋಡೆ ಮತ್ತು ‘ಲಯಬಲ್’ ಎಂಬ ಮಾತು

ನಾನಾಗ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ವಿದ್ಯಾರಣ್ಯಪುರಂನ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಎಲ್ಲ ಸಂಸಾರಗಳಿಗೂ ಒಂದೇ ಬಚ್ಚಲು. ಅದರ ಮಣ್ಣಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಸರಿ ಮಾಡಿಸಿ ಎಂದು ಅಮ್ಮ ಮಳೆಗಾಲಕ್ಕೆ ಮುಂಚೆಯೇ ಮನೆ ಯಜಮಾನರಿಗೆ ಹೇಳಿದ್ದಳು. ಅವರು ಬಂದು ಗೋಡೆಯನ್ನು ಕೊಡೆಯಿಂದ ತಟ್ಟಿ ನೋಡಿದರು. ಕಾಲೇಜು ಹುಡುಗಿಯೆಂದು ನನ್ನ ಕಡೆ ತಿರುಗಿ, ಇದು ‘ಲಯಬಲ್ ಟು ಫಾಲ್’, ಮಕ್ಕಳನ್ನು ಹತ್ತಿರ ಬಿಡಬೇಡಿ ಎಂದು ಹೇಳಿ ಹೊರಟುಹೋದರು. ಬೀಳೋ ಹಾಗಿದೆಯಂತೆ ಎಂದು ಅಮ್ಮನಿಗೆ ಅರ್ಥ ಹೇಳಿದೆ. ಅದು ನಮಗೆ ಕಾಣಿಸುತ್ತಿಲ್ಲವೇ ಎಂದಳು ಅವಳು.

ಆಷಾಢದಲ್ಲಿ ಗೋಡೆ ಬಿದ್ದೇಬಿಟ್ಟಿತು. ಒಳಗೆ ಒಲೆಗೆ ಸೌದೆ ಹಾಕುತ್ತಿದ್ದ ಪಕ್ಕದ ಮನೆಯ ಅಕ್ಕನ ಕಾಲು ಮುರಿಯಿತು. ಹೂ ಕಟ್ಟಿ ಮಾರುತ್ತ ಒಂಟಿಯಾಗಿ ಬದುಕುತ್ತಿದ್ದವಳು ಆಕೆ.

ಯಜಮಾನರು ಅಂಗಳದಲ್ಲೇ ನಿಂತು, ಮಳೆ ಸುರಿದರೆ ತಾವೇನು ಮಾಡುವುದು, ಇದಕ್ಕೆ ತಾವು ‘ಲಯಬಲ್’ ಅಲ್ಲ ಎಂದರು. ಗೋಡೆಗೆ ಹೇಳಿದ ಮಾತನ್ನೇ ತಮಗೂ ಯಾಕೆ ಹೇಳಿಕೊಂಡರೋ ನನಗೆ ತಿಳಿಯಲಿಲ್ಲ. ಮಾರನೆಯ ದಿನ ಇಂಗ್ಲಿಷ್ ಮೇಷ್ಟರನ್ನು ಕೇಳಿದೆ. ಆ ಪದದ ಮುಂದೆ ‘ಟು ಫಾಲ್’ ಅಂತ ಬಂದರೆ ಬೀಳುವ ಸಂಭವವಿದೆ ಎಂದರ್ಥ, ‘ಫಾರ್’ ಬಂದರೆ ಕಾನೂನಿನ ಹೊಣೆ ಎಂದರ್ಥ ಎಂದು ಬಿಡಿಸಿ ಹೇಳಿದರು.

ಆ ಭಾನುವಾರ ಯಜಮಾನರು ಬಂದಾಗ ನಾನೇ ಎದುರಿಗೆ ಹೋದೆ.

“ಗೋಡೆ ಬೀಳುತ್ತೆ ಅಂತ ನೀವೇ ನನಗೆ ಹೇಳಿದ್ರಿ. ಗೊತ್ತಿದ್ದೂ ಹಾಗೇ ಬಿಟ್ರಿ. ಅದಕ್ಕೇ ನೀವು ಲಯಬಲ್. ಕನ್ನಡದಲ್ಲಿ ಹೊಣೆ ಅಂತಾರೆ ಸ್ವಾಮಿ.”

ಅವರು ಅಮ್ಮನ ಕಡೆ ತಿರುಗಿದರು. ಹೆಣ್ಣುಹುಡುಗಿಗೆ ಇಂಗ್ಲಿಷ್ ಕಲಿಸಿದರೆ ಹೀಗೇ ಆಗೋದು, ಮನೆ ಖಾಲಿ ಮಾಡಿ ಎಂದು ಅಮ್ಮನಿಗೆ ಹೇಳಿದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಖಾಲಿ ಮಾಡಲ್ಲ. ಕೋರ್ಟಲ್ಲೂ ಇವಳು ಇದನ್ನೇ ಹೇಳ್ತಾಳೆ. ನಾನೂ ಬಂದು ಹೇಳ್ತೀನಿ ಕಣ್ರೀ.”

ಉಳಿದ ಮನೆಗಳ ಹೆಂಗಸರೂ ಬಂದು ಅಮ್ಮನ ಪಕ್ಕ ನಿಂತರು.

ಅಕ್ಕನ ಕಡೆಯಿಂದ ವಕೀಲರ ನೋಟೀಸು ಹೋದ ಮೇಲೆ ಯಜಮಾನರು ತಗ್ಗಿದರು. ಆಸ್ಪತ್ರೆಯ ಖರ್ಚನ್ನು ದಯೆಯಿಂದ ಕೊಡುತ್ತಿರುವುದಾಗಿ ಹೇಳಿ ಹಣ ಕಳಿಸಿದರು. ಅಕ್ಕ ಮಲಗಿದಲ್ಲಿಂದಲೇ ಅದನ್ನು ತಿರುಗಿಸಿ ಕಳಿಸಿದಳು.

“ದಯೆ ಆದ್ರೆ ನಂಗೆ ಬ್ಯಾಡ. ತಪ್ಪು ನಂದು ಅಂತ ಹೇಳಿ ಕೊಡ್ಲಿ.”

ವಾರಗಟ್ಟಲೆ ಎಳೆದಾಡಿ, ಕೊನೆಗೆ ಇಬ್ಬರು ವಕೀಲರ ಎದುರಿಗೆ ಅವರು ತಪ್ಪು ತಮ್ಮದೆಂದು ಬಾಯಿಬಿಟ್ಟು ಒಪ್ಪಿಕೊಂಡು ಹಣ ಕೊಟ್ಟರು. ಅಕ್ಕನ ಕಾಲು ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಹೊಸ ಗೋಡೆ ಕಟ್ಟುವ ದಿನ ಆಕೆ ಅಂಗಳದಲ್ಲಿ ಸ್ಟೂಲು ಹಾಕಿಸಿಕೊಂಡು, ಕಾಲು ಚಾಚಿ ಕೂತು, ಪಾಯ ಇನ್ನೂ ಆಳ ತೆಗೆಯಿರಿ ಎಂದು ಗಾರೆಯವರನ್ನು ಸಂಜೆಯವರೆಗೂ ಗದರಿಸುತ್ತಿದ್ದಳು.