ಮೂರನೇ ಪರದೆಯಿಂದ ಎದ್ದು ಬಂದ ಮೇಲ್

ಮಮತಾ ಟೈಪ್ ಮಾಡುವಾಗ ಪರದೆ ನೋಡುವವಳಲ್ಲ. ಕನಕಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲಿಂಗಯ್ಯ ಮೇಷ್ಟ್ರು ಕಲಿಸಿದ್ದೇ ಹಾಗೆ. ಕಣ್ಣು ಹಾಳೆ ಬಿಟ್ಟರೆ ಬೆರಳ ಗೆಣ್ಣಿಗೆ ಸ್ಕೇಲಿನ ಏಟು. ಟೈಪ್‌ರೈಟರು ಗುಜರಿಗೆ ಹೋಯಿತು, ಮೇಷ್ಟ್ರು ಮಣ್ಣಿಗೆ ಹೋದರು, ಅಭ್ಯಾಸ ಉಳಿಯಿತು. ಹಾರೋಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದ ಅವಳ ಅಂಗಡಿಗೆ ಬರುವವರ ಬರಹ ಕೋಳಿ ಕೆದರಿದ ಹಾಗಿರುತ್ತದೆ. ಕಣ್ಣು ತೆಗೆದರೆ ಸಾಲೇ ತಪ್ಪುತ್ತದೆ.

ಅಂಗಡಿಯ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ಚೈತನ್ಯ. ವಾರವೆಲ್ಲ ಬಿಡದಿಯ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಸಂಘಟನೆಗೆ ದುಡಿಯುವ ಆಳು. ಕೀ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗುವ ಹಾಗೆ ಒಂದೇ ಮಾನಿಟರಿನೊಳಗೆ ನಾಲ್ಕು ಪರದೆ ಮಾಡಿದ. ಮೊದಲನೆಯದರಲ್ಲಿ ಅರ್ಜಿ, ಎರಡನೆಯದರಲ್ಲಿ ಲಗ್ನಪತ್ರಿಕೆ, ತಿಥಿ ಕಾರ್ಡು, ಮೂರನೆಯದರಲ್ಲಿ ಮೇಲ್. ನಾಲ್ಕನೆಯದು ಖಾಲಿ ಬಿದ್ದಿತ್ತು.

"ಒಂದರ ಗಲಾಟೆ ಇನ್ನೊಂದಕ್ಕೆ ಬರಲ್ಲ ಅಕ್ಕ" ಎಂದಿದ್ದ.

ಆಮೇಲೆ ಭೂಸ್ವಾಧೀನದ ನೋಟಿಸು ಬಂತು. ಮರಳವಾಡಿ ಕಡೆಯ ಅವಳ ತವರೂರಿನ ಕೇರಿಗೆ ಅಜ್ಜಂದಿರ ಕಾಲದಲ್ಲಿ ಸರ್ಕಾರದಿಂದ ದರಖಾಸ್ತಿನಲ್ಲಿ ಸಿಕ್ಕ ಕಲ್ಲುಭೂಮಿ, ಮೂರು ತಲೆಮಾರು ಬೆನ್ನು ಬಗ್ಗಿಸಿ ಹಸನು ಮಾಡಿದ್ದು, ಯಾವುದೋ ಕೈಗಾರಿಕೆಗೆ ಬೇಕಾಗಿತ್ತಂತೆ. ತಕರಾರು ಅರ್ಜಿಯಲ್ಲಿ ಇ-ಮೇಲ್ ವಿಳಾಸ ಕೇಳಿದ್ದರು. ಹುಡುಗರ ಫೋನಿನಲ್ಲಿ ಮೇಲ್ ಇತ್ತು. ಪಾಸ್‌ವರ್ಡು ಯಾವನಿಗೂ ಗೊತ್ತಿರಲಿಲ್ಲ.

"ನಿಂದೇ ಹಾಕ್ಕಳವ್ವ, ನೀನೇನು ಊರು ಬುಟ್ಟು ಓಡೋದೀಯಾ" ಎಂದ ಚಲುವಯ್ಯ, ಕೇರಿಯ ಹಿರಿಯ. ಎಲ್ಲರ ಅರ್ಜಿಗೂ ಮಮತಾಳ ಅಂಗಡಿಯ ವಿಳಾಸವೇ ಬಿತ್ತು. ವಿಚಾರಣೆಯ ದಿನಾಂಕ ಅದಕ್ಕೇ ಬರಬೇಕು. ಅವತ್ತು ಹೋಗಿ ನಿಲ್ಲದಿದ್ದರೆ ಜಮೀನು ಹೋದಂತೆಯೇ.

ಆ ಮೇಲ್ ತಪ್ಪಬಾರದೆಂದು ಚೈತನ್ಯ ಇನ್ನೊಂದು ಏರ್ಪಾಡು ಮಾಡಿದ. ಅವಳು ಯಾವ ಪರದೆಯಲ್ಲಿದ್ದರೂ ಹೊಸ ಮೇಲ್ ತಾನಾಗಿ ತೆರೆದುಕೊಂಡು ಎದುರಿಗೆ ಬಂದು ನಿಲ್ಲಬೇಕು. ನಿಂತಿತು. ಜಾಹೀರಾತಿನ ಮೇಲೂ ಸೇರಿ ಬಂದದ್ದೆಲ್ಲ ನಿಂತಿತು. ಎರಡೇ ದಿನಕ್ಕೆ ಅವಳು ಅವನಿಗೆ ಫೋನ್ ಮಾಡಿದಳು.

"ತಿಥಿ ಕಾರ್ಡ್ ಹೊಡೀತಿದ್ರೆ ಸೋಫಾ ಮಾರೋನು ಬಂದು ಮುಂದ್ಗಡೆ ಕುಂತ್ಕತಾನೆ ಕಣೋ. ಒಸಿ ನಿಲ್ಸು."

"ಭಾನುವಾರ ಬತ್ತೀನಕ್ಕ."

ಆ ಭಾನುವಾರ ರಾಮನಗರದಲ್ಲಿ ಸಭೆ. ಮುಂದಿನದಕ್ಕೆ ಕಾರ್ಖಾನೆಯಲ್ಲಿ ಓಟಿ. ಜಮೀನು ಉಳಿಸುವ ಭಾಷಣಕ್ಕೆ ಎಲ್ಲರಿಗೂ ಪುರಸೊತ್ತಿತ್ತು, ಇದಕ್ಕಿರಲಿಲ್ಲ.

ಅದರ ಮಾರನೇ ಸೋಮವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮಮತಾ ಯಾರದೋ ತಿಥಿ ಕಾರ್ಡು ಹೊಡೆಯುತ್ತಿದ್ದಳು, ಕಣ್ಣು ಹಾಳೆಯ ಮೇಲೆ. ತಲೆಯೆತ್ತಿದಾಗ ಸತ್ತವರ ಹೆಸರಿನಲ್ಲಿ ಎರಡು ಅಕ್ಷರ ಬಿದ್ದಿರಲಿಲ್ಲ. ಕೀಬೋರ್ಡಿಗೆ ಧೂಳು ಹಿಡಿದಿರಬೇಕೆಂದು ಬೋರಲು ಹಾಕಿ ತಟ್ಟಿದಳು. ಬಿಟ್ಟದ್ದನ್ನು ಸೇರಿಸಿ ಮುಂದಕ್ಕೆ ಹೋದಳು.

ತಿಂಗಳಾಗುವುದರೊಳಗೆ ಚಲುವಯ್ಯ ಬಂದ. ಜೊತೆಗೆ ಮಾರಮ್ಮ, ನೋಟಿಸು ಬಂದ ಹೊಲದಲ್ಲೇ ಗಂಡನನ್ನು ಮಣ್ಣು ಮಾಡಿದವಳು.

"ಪಕ್ಕದೂರೋರ್ದು ವಿಚಾರ್ಣೆ ಆಯ್ತಂತೆ. ನಮ್ಮೋರ ಹೆಸ್ರೂ ಕೂಗುದ್ರಂತೆ. ಒಬ್ರೂ ಬಂದಿಲ್ಲ ಅಂತ ಬರ್ಕಂಡವ್ರೆ. ನಿಂಗೇನೂ ಬರ್ನಿಲ್ವಾ?"

"ಬಂದಿಲ್ಲ ಕಣಣ್ಣ. ಬಂದಿದ್ರೆ ಹೇಳ್ತಿರ್ನಿಲ್ವಾ?"

"ಕಳ್ಸಿಲ್ಲ ಬುಡು ಆ ಬೇವರ್ಸಿಗಳು. ನಡೀರಿ, ಆಪೀಸ್ ಬಾಗ್ಲಲ್ಲೇ ಕುಂತ್ಕಳವ" ಎಂದಳು ಮಾರಮ್ಮ.

ಆದರೂ ಮಮತಾ ಮೂರನೇ ಪರದೆಗೆ ಹೋಗಿ ಹುಡುಕಿದಳು. ಒಳಗೆ, ಮುಗಿದ ಮೇಲ್‌ಗಳನ್ನು ಎತ್ತಿಡುವ ಕಡೆ ವಿಚಾರಣೆಯ ಮೇಲ್ ಇತ್ತು. ತಿಥಿ ಕಾರ್ಡು ಹೊಡೆದ ಆ ಸೋಮವಾರದ್ದು. ಓದಿ ಆಗಿದೆ ಎಂಬ ಗುರುತಿನೊಂದಿಗೆ.

ಅವಳಿಗೆ ಕಾರ್ಡಿನಲ್ಲಿ ಬೀಳದ ಎರಡು ಅಕ್ಷರ ನೆನಪಾದವು. ಮೇಲ್ ಎದುರಿಗೆ ಬಂದು ನಿಂತಾಗ ಅವಳು ಒತ್ತಿದ ಕೀ ಕಾರ್ಡಿಗೆ ಹೋಗಿರಲಿಲ್ಲ, ಮೇಲಿಗೆ ಹೋಗಿತ್ತು. ಅಲ್ಲಿ ಒಂದೊಂದು ಕೀಯೂ ಒಂದೊಂದು ಅಪ್ಪಣೆ. ಎತ್ತಿಡು ಎಂದಿದ್ದಳು. ಎತ್ತಿಟ್ಟು ಮರೆಯಾಗಿತ್ತು, ಕಾರ್ಡು ಮತ್ತೆ ಎದುರಿಗೆ ಬಂದಿತ್ತು.

ಬಂದಿಲ್ಲ ಎಂದೇ ಸಾಧಿಸಬಹುದಿತ್ತು. ಕಚೇರಿಯವರ ಮೇಲೆ ಹಾಕಿದ್ದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಅವರು ಮಾಡಿಟ್ಟ ಹೆಸರು ಅಂಥದ್ದು.

"ಬಂದಿತ್ತು" ಎಂದಳು.

"ಓದ್ದಾ?" ಎಂದ ಚಲುವಯ್ಯ.

"ಇಲ್ಲ."

ಹೇಗಾಯಿತೆಂದು ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

"ತಾನೇ ಓದ್ಕಂತು, ತಾನೇ ಎತ್ತಿಟ್ಕಂತು" ಎಂದಳು ಮಾರಮ್ಮ. "ಭಾರಿ ಬುದ್ವಂತ ಮಿಸೀನು ಕಣವ್ವ ನಿಂದು."

ಚಲುವಯ್ಯ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ. ಬೈದಿದ್ದರೆ ವಾಸಿಯಿತ್ತು.

ಸಂಜೆಯೇ ಚೈತನ್ಯ ಓಡಿಬಂದ. ಎಲ್ಲೋ ಒಂದು ಚೌಕದಲ್ಲಿದ್ದ ರೈಟ್ ಗುರುತು ತೆಗೆದ. "ಇನ್ನು ಮೇಲ್ ಅದರ ಪರದೆಯಲ್ಲೇ ಬಿದ್ದಿರ್ತದೆ ಅಕ್ಕ. ಮುಂದಕ್ಕೆ ಬರಲ್ಲ."

"ಇಷ್ಟೇನಾ?"

"ಇಷ್ಟೇ."

ಅವನ ಮುಖವೂ ಸತ್ತಿತ್ತು.

ಕೇರಿಯವರು ಮರುವಿಚಾರಣೆ ಕೇಳಿ ಅರ್ಜಿ ಹಾಕಿದರು. ಅವಧಿ ಮುಗಿದಿದೆ ಎಂದು ಉತ್ತರ ಬಂತು. ಧರಣಿ ಕೂತರು, ಪೊಲೀಸರು ವ್ಯಾನಿಗೆ ತುಂಬಿ ಸಂಜೆ ಬಿಟ್ಟರು. ರಾಗಿ ಕೊಯ್ದ ಹೊಲಗಳಲ್ಲಿ ಸರ್ವೆಯವರು ಬಂದು ಕೆಂಪು ಬಣ್ಣದ ಗಡಿಕಲ್ಲು ನೆಟ್ಟುಹೋದರು.

ಆಮೇಲೊಂದು ದಿನ ಮಾರಮ್ಮ ಒಬ್ಬಳೇ ಬಂದಳು, ಪರಿಹಾರದ ಅರ್ಜಿಗೆ. ಮಮತಾ ಹೊಡೆಯುತ್ತ ಹೋದಳು. ಇ-ಮೇಲ್ ಎಂಬಲ್ಲಿಗೆ ಬಂದಾಗ ಬೆರಳು ತಾವಾಗಿ ಅಂಗಡಿಯ ವಿಳಾಸವನ್ನೇ ಹೊಡೆದವು.

ಮಾರಮ್ಮ ಎಲೆಅಡಿಕೆ ಚೀಲದಿಂದ ಒಂದು ಚೀಟಿ ತೆಗೆದು ಮುಂದೆ ಇಟ್ಟಳು. ಕನಕಪುರದ ಯಾವನೋ ಬ್ರೋಕರನ ಮೇಲ್ ವಿಳಾಸ ಅದು.

"ಇದ್ನ ಹಾಕವ್ವ. ಬೇಜಾರ್ ಮಾಡ್ಕಬ್ಯಾಡ. ನಿಂದು ಬ್ಯಾಡ ಅಂತ ಊರೋರೆಲ್ಲ ಅಂತವ್ರೆ."

ಮಮತಾ ಹೊಡೆದದ್ದನ್ನು ಅಳಿಸಿದಳು. ಚೀಟಿಯಿಂದ ಕಣ್ಣೆತ್ತಿ, ಒಂದೊಂದು ಅಕ್ಷರಕ್ಕೂ ಪರದೆ ನೋಡಿಕೊಂಡು, ಹೊಸಬಳ ಹಾಗೆ ಒಂದೇ ಬೆರಳಿನಲ್ಲಿ ಹೊಡೆದಳು.