ಬೆರಳಿಗೆ ಹಕ್ಕಿ ತೋರಿಸುವ ಅತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುರ್ಚಿ ಮೇಜು ಮಾಡುವ ಶೆಡ್ಡಿನಲ್ಲಿ ಗರಗಸದ ಯಂತ್ರದ ಗಲಾಟೆ ಶುರುವಾಗಿಲ್ಲ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತ ಹೆಂಗಸೊಬ್ಬರು ಮರದ ಆಮೆಯೊಂದರ ಬೆನ್ನನ್ನು ಉಪ್ಪುಕಾಗದದಿಂದ ತಿಕ್ಕುತ್ತಿದ್ದಾರೆ. ತಿಕ್ಕಿ, ಊದಿ, ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲಿ ಸವರುತ್ತಾರೆ. ಮುಖ ಹುಳ್ಳಗಾಗುತ್ತದೆ.

“ಛೆ, ಕುರ್ಚಿ ಕೈ ಆಗೋಯ್ತು. ಆಮೆ ಬೆನ್ನು ಇಷ್ಟು ನಯ ಇರುತ್ತಾ?” ಎಂದು ತಮ್ಮನ್ನೇ ಬೈದುಕೊಂಡು ಮತ್ತೆ ಉಳಿ ಎತ್ತಿಕೊಳ್ಳುತ್ತಾರೆ.

ವಯಸ್ಸು ಐವತ್ತು ದಾಟಿದೆ. ಹಗಲೆಲ್ಲ ಮಂಚದ ಕಾಲು, ಮೇಜಿನ ಅಂಚು. ಕೆಲಸ ಶುರುವಾಗುವ ಮುಂಚಿನ ಹೊತ್ತು ಮಾತ್ರ ಅವರದ್ದು. ಮಿಕ್ಕ ಮರದ ತುಂಡುಗಳಲ್ಲಿ ಅವರು ಕಪ್ಪೆ, ಬಾವಲಿ, ಮರಕುಟಿಗಗಳನ್ನು ಕೆತ್ತುತ್ತಾರೆ. ಎಲ್ಲವೂ ಎರಡು ಬೀದಿ ಆಚೆಗಿನ ಅಂಧ ಮಕ್ಕಳ ಶಾಲೆಗೆ ಹೋಗುತ್ತವೆ. ಅಲ್ಲಿ ಅವರಿಗೆ ‘ಹಕ್ಕಿ ಅತ್ತೆ’ ಎಂದೇ ಹೆಸರು.

ಈ ವಿದ್ಯೆ ಬಂದದ್ದು ದೊಡ್ಡಮ್ಮನ ಮನೆಯಿಂದ. ತಾಯಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ, ನಾಲ್ಕು ದಿನದ ಮಟ್ಟಿಗೆಂದು ಏಳು ವರ್ಷದ ಹುಡುಗಿಯನ್ನು ತಾಯಿಯ ಅಕ್ಕನ ಮನೆಯಲ್ಲಿ ಬಿಟ್ಟರು. ತಾಯಿ ವಾಪಸು ಬರಲಿಲ್ಲ. ಹುಡುಗಿ ಅಲ್ಲೇ ಬೆಳೆದಳು.

ದೊಡ್ಡಮ್ಮ ಶಾಲೆಯಲ್ಲಿ ವಿಜ್ಞಾನದ ಮೇಡಂ. ಮನೆಯಲ್ಲಿ ಮನುಷ್ಯರಿಗಿಂತ ಮಿಕ್ಕವರದ್ದೇ ದರ್ಬಾರು. ಬಚ್ಚಲ ಬಕೆಟ್ಟಿನಲ್ಲಿ ಗೊದಮೊಟ್ಟೆ, ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಗೂಬೆಯ ತಲೆಬುರುಡೆ. ಒಮ್ಮೆ ಕಣಜವೊಂದು ಬೀರುವಿನ ಬೀಗದ ಕಿಂಡಿಯಲ್ಲಿ ಮಣ್ಣಿನ ಗೂಡು ಕಟ್ಟಿತು. ಒಳ್ಳೆಯ ಬಟ್ಟೆಯೆಲ್ಲ ಬೀರುವಿನೊಳಗೆ, ಬಂಧುಗಳ ಮದುವೆಯೋ ಹತ್ತಿರ. ದೊಡ್ಡಮ್ಮ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ, ಮನೆಯಲ್ಲಿ ಉಡುವ ಬಟ್ಟೆಯಲ್ಲೇ ಮದುವೆಗೆ ಹೊರಟರು.

“ಅಲ್ಲಿ ಎಲ್ಲರೂ ಮುಸಿಮುಸಿ ನಗ್ತಿದ್ರು. ಇವರು ಊಟಕ್ಕೆ ಕೂತ್ಕೊಂಡು ಆ ಕಣಜದ ಕತೆ ಶುರು ಮಾಡಿದ್ರು ನೋಡಿ, ಬಡಿಸೋರು ಬಡಿಸೋದೇ ಮರೆತು ನಿಂತ್ಬಿಟ್ರು,” ಎಂದು ಅತ್ತೆ ಉಳಿ ಕೆಳಗಿಟ್ಟು ನಗುತ್ತಾರೆ.

ದೊಡ್ಡಮ್ಮನ ಕತೆಯಲ್ಲಿ ರಾಜರಿಲ್ಲ, ಮಾತಾಡುವ ನರಿಯಿಲ್ಲ. ಹಿತ್ತಲ ಜೇಡ, ಬಾವಿಯ ಏಡಿ, ಅಷ್ಟೇ. ಕತೆ ಕುದುರಿದ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ಏನಾಯ್ತು ಎಂದು ಹುಡುಗಿ ಪೀಡಿಸಿದರೆ, “ನಂಗೇನು ಗೊತ್ತು? ಹೋಗಿ ನೋಡ್ಕೊಂಡು ಬಾ,” ಅನ್ನುತ್ತಿದ್ದರು.

ಬರಬರುತ್ತಾ ಎಲ್ಲದಕ್ಕೂ ಹೀಗೆ ಕಳಿಸತೊಡಗಿದರು. ಒಂದು ಬೆಳಿಗ್ಗೆ ಅವರು ಬಗ್ಗಿಸಿದ ಹಾಲು ಲೋಟದ ಪಕ್ಕಕ್ಕೆ ಬಿತ್ತು. ದೊಡ್ಡಮ್ಮನ ಕಣ್ಣು ಮಂಜಾಗುತ್ತಿದೆ ಎಂಬುದು ಹುಡುಗಿಗೆ ಆಗ ತಿಳಿಯಿತು. ಎರಡೇ ವರ್ಷದಲ್ಲಿ ಪೂರ್ತಿ ಕತ್ತಲಾಯಿತು.

ಹುಡುಗಿ ನೋಡಿದ್ದನ್ನೆಲ್ಲ ಬಾಯಲ್ಲಿ ಹೇಳಿದಳು. ದೊಡ್ಡಮ್ಮನಿಗೆ ಅದು ಸಾಲಲಿಲ್ಲ. “ಮಾತು ಸಾಕು ಪುಟ್ಟಿ, ಕೈಗೆ ಏನಾದ್ರೂ ಕೊಡು,” ಎಂದರು. ಬಸವನಹುಳುವನ್ನು ಕೈಗೆ ಕೊಡಬಹುದು, ಮಿಂಚುಳ್ಳಿಯನ್ನು ಹೇಗೆ ಕೊಡುವುದು? ಹುಡುಗಿ ಕಲಸಿಟ್ಟ ಹಿಟ್ಟಿನಲ್ಲಿ ಒಂದು ಮುಷ್ಟಿ ಕದ್ದು ಹಕ್ಕಿ ಮಾಡಿ ತಂದಳು. ದೊಡ್ಡಮ್ಮ ಸವರಿ ನೋಡಿದರು.

“ಕೊಕ್ಕು ಇಷ್ಟು ಮೊಂಡಾದ್ರೆ ಮೀನು ಬಿದ್ದು ಬಿದ್ದು ನಗುತ್ತೆ ಕಣೇ. ಇನ್ನೊಂದ್ಸಲ ಹೋಗಿ ನೋಡು.”

ಹಿಟ್ಟು ಹೋಗಿ ಜೇಡಿಮಣ್ಣು ಬಂತು, ಮಣ್ಣು ಹೋಗಿ ಮರ ಬಂತು. ದೊಡ್ಡಮ್ಮ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಈ ಶೆಡ್ಡು. ಹೆಂಗಸು ಎಂದು ಮೊದಮೊದಲು ತಿಕ್ಕುವ ಕೆಲಸ ಮಾತ್ರ ಕೊಟ್ಟರು. ದೂಳಿಗೆ ಎದೆ ಕಟ್ಟಿ ಅತ್ತೆ ತಿಂಗಳುಗಟ್ಟಲೆ ಕೆಮ್ಮಿದರು. ಅವರು ಬಿಡುವಿನಲ್ಲಿ ಕೆತ್ತಿದ್ದ ಪಾರಿವಾಳ ಕಂಡ ಮೇಲೆ ಮೇಸ್ತ್ರಿಯೇ ಉಳಿ ಕೈಗಿತ್ತರು.

ಅಂಧ ಮಕ್ಕಳ ಶಾಲೆಗೆ ಮೊದಲು ಕೊಟ್ಟದ್ದು ಒಂದು ಜೇನುಹುಳು. ಕಾಲು, ರೆಕ್ಕೆ ಎಲ್ಲ ಬೆರಳಿಗೆ ಸಿಗಲೆಂದು ತೆಂಗಿನಕಾಯಿ ಗಾತ್ರಕ್ಕೆ ಮಾಡಿದ್ದರು. ಮಕ್ಕಳು ಮುಗಿಬಿದ್ದು ಮುಟ್ಟಿದರು. ಮರುದಿನ ಪುಟ್ಟ ಹುಡುಗಿಯೊಬ್ಬಳು ಶಾಲೆಯ ತೋಟಕ್ಕೆ ಕಾಲಿಡಲು ಒಪ್ಪಲಿಲ್ಲ. “ಇಷ್ಟು ದಪ್ಪ ಹುಳ ಹಾರಾಡೋ ಕಡೆ ನಾನು ಬರಲ್ಲ!” ಎಂದು ಬಾಗಿಲು ಹಿಡಿದು ಅತ್ತಳು.

ಸುದ್ದಿ ಅತ್ತೆಯ ಕಿವಿಗೂ ಬಿತ್ತು. ಅಂದೇ ಕೂತು ನಿಜವಾದ ಅಳತೆಯ ಜೇನೊಂದನ್ನು ಕೆತ್ತಿ, ದಾರದಲ್ಲಿ ದೊಡ್ಡದಕ್ಕೆ ಕಟ್ಟಿದರು. ಹುಡುಗಿ ಅದನ್ನು ಬೆರಳ ತುದಿಯಲ್ಲಿ ಹೊರಳಿಸಿ, “ಇಷ್ಟೇನಾ?” ಎಂದಳು. ಮಧ್ಯಾಹ್ನ ತೋಟಕ್ಕೆ ಹೋದಳು.

ಆ ಹುಡುಗಿ ಈಗ ಅದೇ ಶಾಲೆಯಲ್ಲಿ ಟೀಚರ್. ಅತ್ತೆಯ ಕೆಲಸ ಪಾಸು ಮಾಡುವವಳೂ ಅವಳೇ, ಮುಲಾಜಿಲ್ಲ. ಹಕ್ಕಿಯ ರೆಕ್ಕೆ ಮಡಚಿ ಬಿಚ್ಚುವಂತೆ ಮಾಡಬೇಕೆಂಬುದು ಅತ್ತೆಯ ಬಹುಕಾಲದ ಹಟ. ಮೊದಲ ಸಲ ಕೀಲು ಬಿಗಿಯಾಯಿತು, ಎರಡನೆಯದು ಕೈಯಲ್ಲೇ ಕಳಚಿ ಬಿತ್ತು. “ಅತ್ತೆ, ಇದು ರೆಕ್ಕೆ ಅಲ್ಲ, ಕೊಡೆ,” ಎಂದು ಅವಳು ಎರಡನ್ನೂ ವಾಪಸು ಕಳಿಸಿದಳು.

ಕಳೆದ ವಾರ ಮೂರನೆಯದನ್ನು ಒಯ್ದರು. ತರಗತಿಯಲ್ಲಿ ಮಕ್ಕಳ ನಡುವೆ ಕೂತು ಟೀಚರ್ ಮೆಲ್ಲಗೆ ರೆಕ್ಕೆ ಎಳೆದಳು. ರೆಕ್ಕೆಯ ಮೊಣಕೈ ಬಿಚ್ಚಿತು, ಜೊತೆಗೇ ಮಣಿಕಟ್ಟೂ ತಾನಾಗಿ ಬಿಚ್ಚಿಕೊಂಡಿತು. ಮಡಚಿದಳು, ಮತ್ತೆ ಬಿಚ್ಚಿದಳು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಆಗ ಟೀಚರ್ ತನ್ನದೇ ತೋಳನ್ನು ಎತ್ತಿ ಭುಜ, ಮೊಣಕೈ, ಮಣಿಕಟ್ಟು ಒಂದೊಂದನ್ನೇ ಮುಟ್ಟಿಕೊಂಡಳು.

“ಅತ್ತೆ, ಹಕ್ಕಿಗೂ ನಂಗೂ ಒಂದೇ ತರ ಕೈ!”

ಮಕ್ಕಳೆಲ್ಲ ರೆಕ್ಕೆಗೆ ಕೈ ಚಾಚಿದರು. ಮುಟ್ಟಿದವರು ಮುಟ್ಟಿದಂತೆ ತೋಳು ಅಗಲಿಸಿ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ತರಗತಿ ತುಂಬ ಹಾರತೊಡಗಿದರು.

ಆ ಮಾತು ತೆಗೆದರೆ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮರದ ದೂಳು ಬಿತ್ತು ಅನ್ನುತ್ತಾರೆ. ಆಮೇಲೆ ಸ್ವಲ್ಪ ಸೆಟೆದು ಕೂರುತ್ತಾರೆ.

“ನೋಡಿ, ಕುರ್ಚಿ ಯಾರು ಬೇಕಾದ್ರೂ ಮಾಡ್ತಾರೆ. ಆ ರೆಕ್ಕೆ ನಾನು ಮಾಡಿದ್ದು.”