ಎರ್ರಣ್ಣನ ಗಾಜಿನ ಕಡಲು

ಬಳ್ಳಾರಿಯಲ್ಲಿ ಬಣ್ಣದ ಮೀನು ಮಾರುವ ಎರ್ರಣ್ಣನಿಗೆ ಗಿರಾಕಿಗಿಂತ ಗಾಜಿನ ತೊಟ್ಟಿಯ ದೀಪವೇ ದೊಡ್ಡದು. “ಹವಳದ ದಿಬ್ಬದ ಮೀನು, ಬೆಳಕಿನ ಹೊತ್ತು ಅಳದು ನೋಡಿ ಮೊಟ್ಟಿ ಇಡ್ತಾವ್ರಿ” ಎಂದು ಬೆಳಗ್ಗೆ ಏಳಕ್ಕೆ ಹಚ್ಚಿದ್ದನ್ನು ಸಂಜೆ ಏಳಕ್ಕೆ ನಿಮಿಷ ತಪ್ಪದೆ ಆರಿಸುತ್ತಾನೆ. ಆದರೆ ‘ಆರಿತು’ ಎಂಬ ಅಶುಭ ನುಡಿಯದೆ, ತಾಯಿಯ ತೆಲುಗನ್ನೇ ಕನ್ನಡಕ್ಕೆ ತಿರುಗಿಸಿ, “ದೀಪ ಗುಡ್ಡ ಏರೇತಿ, ತೊಟ್ಟ್ಯಾಗ ಗಂಡ ಹೆಂಡ್ತಿ ಅದಾವು, ನಡೀರಿ” ಎಂದು ಎಲ್ಲರನ್ನೂ ಹೊರಗಟ್ಟುತ್ತಾನೆ. ಕರೆಂಟು ಹೋದೀತೆಂದು ಮನೆಯ ಇನ್ವರ್ಟರ್ ಅಂಗಡಿಗೆ ಬಂತು, ಹೆಂಡತಿ ಹೊನ್ನೂರಮ್ಮನ ಕೈಗೆ ಬೀಸಣಿಗೆ ಬಂತು. ಮೊನ್ನೆ ತೊಟ್ಟಿಯ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳು ಕಂಡದ್ದೇ ತಡ, ಓಣಿಗೆಲ್ಲ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹಂಚಿದ. ಆ ಖುಷಿಯಲ್ಲೇ ಹೊನ್ನೂರಮ್ಮ ಕೇಳಿದಳು: “ಇನ್ನಾರ ಸಮುದ್ರ ತೋರಸ್ರಿ. ನಾನೂ ನೋಡಿಲ್ಲ, ನೀವೂ ನೋಡಿಲ್ಲ.” ಎರ್ರಣ್ಣ ಗಾಬರಿಯಿಂದ ತೊಟ್ಟಿಯತ್ತ ನೋಡಿದ: “ನಾ ಹೋದ್ರ ಇವಕ್ಕ ಹೊತ್ತು ಯಾರು ಹುಟ್ಟಸ್ತಾರ?”